ಮಗನ ಕೋಶಗಳ ಗುರುತು ತಾಯಿಯ ದೇಹಕ್ಕೆ ಮೊದಲೇ ಗೊತ್ತಿತ್ತು: ಒಂದು ಸ್ಟೆಮ್ ಸೆಲ್ ಕಸಿಯ ಪ್ರಕರಣ

ಸ್ಟೆಮ್ ಸೆಲ್ (ರಕ್ತ ತಯಾರಿಸುವ ಮೂಲ ಕೋಶ) ಕಸಿಯ ಮಾತು ಬಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾರದ್ದು ಮ್ಯಾಚ್ ಆಗುತ್ತೆ?" ಪ್ರಶ್ನೆ ಸರಿಯಾದದ್ದೇ. ಆದರೆ ಅದರ ಜೊತೆಗೇ ಇನ್ನೊಂದನ್ನೂ ಕೇಳಬೇಕು. ಕಸಿ ಪಡೆಯುವವರ ದೇಹ ಆ ದಾನಿಯ ಕೋಶಗಳ ಗುರುತನ್ನು ಹಿಂದೆ ಯಾವಾಗಲಾದರೂ ಕಂಡಿದೆಯಾ? ಕಂಡು, ಅದರ ವಿರುದ್ಧ ತಯಾರಾಗಿ ಕೂತಿದೆಯಾ? ಈ ಪ್ರಕರಣ ಪೂರ್ತಿ ನಿಂತಿರುವುದು ಈ ಎರಡನೇ ಪ್ರಶ್ನೆಯ ಮೇಲೆ.

ನಾನು ಕಸಿ ತಂಡದ ವೈದ್ಯರಲ್ಲಿ ಒಬ್ಬ. ರೋಗಿಯ ಮತ್ತು ಮನೆಯವರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಕುಟುಂಬದ ಕೆಲವು ವಿವರ, ಪರೀಕ್ಷೆಯ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ನಿರ್ಧಾರಗಳು ಮತ್ತು ಅವುಗಳ ಹಿಂದಿನ ಕಾರಣಗಳು ಹಾಗೇ ಇವೆ.

ಹಿನ್ನೆಲೆ

ನಲವತ್ತು ದಾಟಿದ ಮಹಿಳೆ. ಮೂರು ಸಲ ಗರ್ಭಿಣಿಯಾಗಿದ್ದರು, ಅದರಲ್ಲಿ ಒಂದು ಗರ್ಭ ನಿಲ್ಲಲಿಲ್ಲ. ಮಕ್ಕಳು ಇಬ್ಬರು. ಮಗನಿಗೆ 21, ಮಗಳಿಗೆ 12. ಮೊದಲು ಸುಸ್ತು ಶುರುವಾಯಿತು. ಆಮೇಲೆ ಒಸಡಿನಲ್ಲಿ ರಕ್ತ, ಮೈಮೇಲೆ ಪೆಟ್ಟು ಬೀಳದಿದ್ದರೂ ನೀಲಿ ಕಲೆಗಳು. ರಕ್ತ ಪರೀಕ್ಷೆ ಮಾಡಿದಾಗ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿದಿದ್ದವು. ಮಜ್ಜೆಯ ಬಯಾಪ್ಸಿಯಲ್ಲಿ ರಕ್ತ ತಯಾರಿಸುವ ಕೋಶಗಳು ಇರಬೇಕಾದ ಜಾಗದಲ್ಲಿ ಬರೀ ಕೊಬ್ಬು. ಕ್ಯಾನ್ಸರ್ ಕೋಶ ಒಂದೂ ಇಲ್ಲ. ತೀವ್ರ ಅಪ್ಲಾಸ್ಟಿಕ್ ಅನೀಮಿಯಾ ಎಂದು ತೀರ್ಮಾನವಾಯಿತು. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣ 500ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ 20,000ಕ್ಕಿಂತ ಕಡಿಮೆ ಇದ್ದರೆ ತೀವ್ರ ಅನ್ನುತ್ತೇವೆ. ಇವರದು ಎರಡೂ ಅದರ ಕೆಳಗಿತ್ತು.

ಈ ಕಾಯಿಲೆಯಲ್ಲಿ ಹೆಚ್ಚಿನ ಸಲ ಹೊರಗಿನದ್ದರ ಮೇಲೆ ದಾಳಿ ಮಾಡಬೇಕಾದ ಸ್ವಂತ ಟಿ ಕೋಶಗಳೇ (ಒಂದು ಬಗೆಯ ಬಿಳಿ ಕಣ) ಮಜ್ಜೆಯ ಸ್ಟೆಮ್ ಸೆಲ್‌ಗಳ ಮೇಲೆ ಬಿದ್ದು ಅವನ್ನು ಮುಗಿಸುತ್ತವೆ. ಅಂದರೆ ಕಸಿಗೆ ಮೊದಲೇ ಇವರ ರೋಗನಿರೋಧಕ ವ್ಯವಸ್ಥೆ ಸ್ಟೆಮ್ ಸೆಲ್‌ಗಳ ವಿರುದ್ಧ ನಿಂತಿತ್ತು. ಪೂರ್ತಿ ಹೊಂದುವ ಒಡಹುಟ್ಟಿದವರು ಇಲ್ಲದಿದ್ದರೆ ಮೊದಲ ಚಿಕಿತ್ಸೆ ಔಷಧದ್ದು. ಕುದುರೆಯ ಸೀರಮ್‌ನಿಂದ (ರಕ್ತದ ತಿಳಿ ದ್ರವ) ತಯಾರಿಸುವ, ಟಿ ಕೋಶಗಳನ್ನು ನಾಶಮಾಡುವ ಎಟಿಜಿ, ಅವನ್ನು ಅಡಗಿಸುವ ಸೈಕ್ಲೋಸ್ಪೊರಿನ್, ಮಜ್ಜೆಯನ್ನು ಹುರಿದುಂಬಿಸುವ ಎಲ್ಟ್ರೊಂಬೊಪ್ಯಾಗ್ ಮೂರನ್ನೂ ಕೊಟ್ಟರು. ಆರು ತಿಂಗಳು ಕಾದರೂ ಮಜ್ಜೆ ಏಳಲಿಲ್ಲ. ಆ ಅವಧಿಯಲ್ಲಿ ರಕ್ತ ಮತ್ತು ಪ್ಲೇಟ್‌ಲೆಟ್ ಚೀಲಗಳ ಮೇಲೇ ಜೀವ ನಡೆಯಿತು. ಕಾಯಿಲೆ ಪತ್ತೆಯಾದ ಮೊದಲ ವಾರದಲ್ಲಿ ಬೇರೆ ಕಡೆ ದಾಖಲಾಗಿದ್ದಾಗ, ತುರ್ತಿನಲ್ಲಿ ಯಾರೂ ಸಿಗದೆ ಗಂಡನೇ ಪ್ಲೇಟ್‌ಲೆಟ್ ಕೊಟ್ಟಿದ್ದರು. ಆ ಹೊತ್ತಿಗೆ ಅದು ಜೀವ ಉಳಿಸಿತು. ಈ ವಿವರ ಮುಂದೆ ಬೇಕಾಗುತ್ತದೆ.

ನಮ್ಮ ಬಳಿ ಬಂದಾಗ ಉಳಿದದ್ದು ಕಸಿ ಒಂದೇ.

ದಾನಿಯ ಹುಡುಕಾಟ

ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳ ಮೇಲೂ ಎಚ್‌ಎಲ್‌ಎ ಎಂಬ ಪ್ರೋಟೀನ್‌ಗಳು ಇರುತ್ತವೆ. ಇದು ನನ್ನದು, ಇದು ಹೊರಗಿನದ್ದು ಎಂದು ಟಿ ಕೋಶಗಳು ತಿಳಿಯುವುದು ಮುಖ್ಯವಾಗಿ ಇವುಗಳಿಂದಲೇ. ಇವುಗಳ ಜೀನ್‌ಗಳು 6ನೇ ವರ್ಣತಂತುವಿನಲ್ಲಿ ಒತ್ತಾಗಿ ಕೂತಿವೆ. ಹಾಗಾಗಿ ಒಂದು ಕಟ್ಟಾಗಿಯೇ ಮಕ್ಕಳಿಗೆ ದಾಟುತ್ತವೆ. ತಾಯಿಯಿಂದ ಒಂದು ಕಟ್ಟು, ತಂದೆಯಿಂದ ಒಂದು ಕಟ್ಟು. ಆದ್ದರಿಂದ ತಾಯಿಗೂ ಮಕ್ಕಳಿಗೂ ಯಾವಾಗಲೂ ಅರ್ಧ ಹೊಂದಿಕೆ ಇದ್ದೇ ಇರುತ್ತದೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ಶೇ 25, ಅರ್ಧ ಹೊಂದುವುದು ಶೇ 50, ಏನೂ ಹೊಂದದಿರುವುದು ಶೇ 25.

ಇವರಿಗೆ ಒಬ್ಬರೇ ಅಣ್ಣ. ಅರ್ಧ ಹೊಂದಿಕೆ. ದಾನಿಗಳ ನೋಂದಣಿಯಲ್ಲಿ ಪೂರ್ತಿ ಹೊಂದುವವರು ಸಿಗಲಿಲ್ಲ. ಹಾಗಾಗಿ ಅರ್ಧ ಹೊಂದಿಕೆಯ ಕಸಿಗೇ ಹೋಗಬೇಕಿತ್ತು. ಹಿಂದೆ ಇಂಥ ಕಸಿ ಅಂದರೆ ಭಯಪಡುತ್ತಿದ್ದರು. ಕಸಿಯಾದ 3 ಮತ್ತು 4ನೇ ದಿನ ದೊಡ್ಡ ಪ್ರಮಾಣದಲ್ಲಿ ಸೈಕ್ಲೋಫಾಸ್ಫಮೈಡ್ ಎಂಬ ಔಷಧ ಕೊಡುವ ಪದ್ಧತಿ ಬಂದ ಮೇಲೆ ಈಗ ಅದು ಸಾಧ್ಯವಾಗಿದೆ.

ಮಗ ಮೊದಲ ದಿನದಿಂದಲೂ ಸಿದ್ಧನಿದ್ದ. ಚಿಕ್ಕ ವಯಸ್ಸು, ಒಳ್ಳೆಯ ತೂಕ, ಒಂದು ಕಾಯಿಲೆಯೂ ಇಲ್ಲ. ಚಿಕ್ಕ ವಯಸ್ಸಿನ ದಾನಿಯ ಕಸಿ ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತದೆ. ಕಾಗದದ ಮೇಲೆ ಅವನಿಗಿಂತ ಒಳ್ಳೆಯ ದಾನಿ ಇರಲಿಲ್ಲ. ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ವಿಷಯ ತೀರ್ಮಾನವಾಗಿಬಿಟ್ಟಿತ್ತು.

ಏರದ ಪ್ಲೇಟ್‌ಲೆಟ್

ಮೊದಲ ಸುಳಿವು ಸಿಕ್ಕಿದ್ದು ವಾರ್ಡಿನ ನರ್ಸ್ ಒಬ್ಬರಿಂದ. "ಚೀಲ ಹಾಕಿದ್ರೂ ಕೌಂಟ್ ಏರ್ತಾನೇ ಇಲ್ಲ" ಎಂದು ಅವರು ರೌಂಡ್ಸ್ ವೇಳೆ ಹೇಳಿದರು. ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ತೆಗೆದ ಒಂದು ಚೀಲ ಪ್ಲೇಟ್‌ಲೆಟ್ ಹಾಕಿದರೆ ಕೌಂಟ್ 30,000ದಷ್ಟಾದರೂ ಏರಬೇಕು. ಇವರಿಗೆ 8,000 ಇದ್ದದ್ದು 9,000 ಆಗುತ್ತಿತ್ತು.

ಇದಕ್ಕೆ ಕಾರಣ ಹಲವು ಇರಬಹುದು. ಜ್ವರ, ಸೋಂಕು, ದೊಡ್ಡದಾದ ಗುಲ್ಮ, ಕೆಲವು ಔಷಧ. ಇವರಿಗೆ ಆಗಾಗ ಜ್ವರ ಬರುತ್ತಿತ್ತು, ಹಾಗಾಗಿ ಸೋಂಕಿನ ಮೇಲೆ ಹೊರಿಸಿ ಸುಮ್ನೆ ಮುಂದೆ ಹೋಗುವುದು ಸುಲಭವಿತ್ತು. ಆದರೆ ಒಂದು ಸರಳ ಪರೀಕ್ಷೆ ಇದೆ. ಚೀಲ ಮುಗಿದ ಒಂದು ಗಂಟೆಯೊಳಗೆ ಕೌಂಟ್ ನೋಡುವುದು. ಸೋಂಕಿನಲ್ಲಿ ಸಾಮಾನ್ಯವಾಗಿ ಮೊದಲ ಗಂಟೆಯಲ್ಲಿ ಕೌಂಟ್ ಏರುತ್ತದೆ, ಮರುದಿನದ ಹೊತ್ತಿಗೆ ಇಳಿಯುತ್ತದೆ. ಪ್ರತಿಕಾಯಗಳು (ಹೊರಗಿನದ್ದಕ್ಕೆ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೋಟೀನ್‌ಗಳು) ಹೊಡೆಯುತ್ತಿದ್ದರೆ ಒಂದು ಗಂಟೆಯಲ್ಲೂ ಏರುವುದಿಲ್ಲ, ಯಾಕೆಂದರೆ ಪ್ಲೇಟ್‌ಲೆಟ್ ರಕ್ತಕ್ಕೆ ಸೇರುತ್ತಲೇ ನಾಶವಾಗುತ್ತದೆ. ಇವರಿಗೆ ಎರಡು ಸಲ ಹೀಗೆ ನೋಡಿದೆವು. ಎರಡೂ ಸಲ ಏರಿರಲಿಲ್ಲ.

ಎಚ್‌ಎಲ್‌ಎಗಳಲ್ಲಿ ಎರಡು ದರ್ಜೆ: ಎ, ಬಿ ಮುಂತಾದವು ಒಂದನೇ ದರ್ಜೆ, ಡಿಆರ್ ಮುಂತಾದವು ಎರಡನೇ ದರ್ಜೆ. ಪ್ಲೇಟ್‌ಲೆಟ್‌ಗಳ ಮೇಲೆ ಒಂದನೇ ದರ್ಜೆಯ ಎಚ್‌ಎಲ್‌ಎ ಇರುತ್ತದೆ. ಯಾರ ಪ್ಲೇಟ್‌ಲೆಟ್ ಕೊಟ್ಟರೂ ನಿಲ್ಲುತ್ತಿಲ್ಲ ಅಂದರೆ ಈಕೆಯ ರಕ್ತದಲ್ಲಿ ಬಹಳಷ್ಟು ಎಚ್‌ಎಲ್‌ಎಗಳ ವಿರುದ್ಧ ಪ್ರತಿಕಾಯ ಇರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಮಗನ ಸ್ಟೆಮ್ ಸೆಲ್ ಮೇಲಿನ ಎಚ್‌ಎಲ್‌ಎ ವಿರುದ್ಧವೂ ಇದೆಯಾ? ಕಸಿಯ ದಿನಾಂಕ ಗೊತ್ತುಮಾಡುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆವು. ಇಡೀ ಪ್ರಕರಣದ ಮೊದಲ ತಿರುವು ಇದು. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿರಲಿಲ್ಲ. ಒಬ್ಬರು ಗಮನಿಸಿದರು, ಉಳಿದವರು ಕೇಳಿಸಿಕೊಂಡರು.

ಪ್ರತಿಕಾಯ ಎಲ್ಲಿಂದ ಬಂತು?

ಮಗು ಹೊಟ್ಟೆಯಲ್ಲಿರುವಾಗ ಅದರ ಅರ್ಧ ಎಚ್‌ಎಲ್‌ಎ ತಂದೆಯದು. ತಾಯಿಯ ದೇಹಕ್ಕೆ ಅದು ಹೊರಗಿನದ್ದೇ. ಗರ್ಭದಲ್ಲಿ ಮತ್ತು ಹೆರಿಗೆಯ ಹೊತ್ತಿನಲ್ಲಿ ಮಗುವಿನ ಕೆಲವು ಕೋಶಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಎಷ್ಟೋ ತಾಯಂದಿರಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಗರ್ಭಧಾರಣೆ ಹೆಚ್ಚಿದಷ್ಟೂ ಆ ಸಾಧ್ಯತೆ ಜಾಸ್ತಿ. ಮಗುವಿಗೆ ಇದರಿಂದ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ, ಮಾಸು ಆ ಪ್ರತಿಕಾಯಗಳನ್ನು ಹೀರಿಕೊಂಡು ತಡೆಯುತ್ತದೆ.

ಎಚ್‌ಎಲ್‌ಎ ಪತ್ತೆಯಾದದ್ದೇ ಈ ದಾರಿಯಿಂದ. 1958ರಲ್ಲಿ ಜಾನ್ ಡೋಸೆ ಅವರು ಪದೇ ಪದೇ ರಕ್ತ ಪಡೆದ ರೋಗಿಗಳಲ್ಲಿ ಬಿಳಿ ರಕ್ತಕಣಗಳ ವಿರುದ್ಧದ ಪ್ರತಿಕಾಯಗಳನ್ನು ವಿವರಿಸಿದರು. ಅದೇ ವರ್ಷ ಯಾನ್ ವಾನ್ ರೂಡ್ ಮತ್ತು ರೋಸ್ ಪೇನ್ ಬೇರೆ ಬೇರೆಯಾಗಿ ಗರ್ಭಿಣಿಯಾಗಿದ್ದ ಮಹಿಳೆಯರ ರಕ್ತದಲ್ಲಿ ಇಂಥವನ್ನೇ ಕಂಡರು. ಡೋಸೆ ಅವರಿಗೆ 1980ರಲ್ಲಿ ನೊಬೆಲ್ ಬಂತು. ನಮ್ಮ ರೋಗಿಯಲ್ಲಿ ಈ ಎರಡೂ ಕಾರಣ ಒಟ್ಟಿಗಿದ್ದವು: ಗರ್ಭ, ಮತ್ತು ಲೆಕ್ಕವಿಲ್ಲದಷ್ಟು ರಕ್ತದ ಚೀಲಗಳು.

ಗರ್ಭದಲ್ಲಿ ಹುಟ್ಟಿದ ಪ್ರತಿಕಾಯ ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಆದರೆ ಅದನ್ನು ತಯಾರಿಸಬಲ್ಲ ನೆನಪಿನ ಬಿ ಕೋಶಗಳು ಉಳಿದಿರುತ್ತವೆ. ಅದೇ ಎಚ್‌ಎಲ್‌ಎ ಮತ್ತೆ ಕಂಡರೆ ಅವು ತಕ್ಷಣ ಎದ್ದು ನಿಲ್ಲುತ್ತವೆ. ಗಂಡನ ಪ್ಲೇಟ್‌ಲೆಟ್ ಮೇಲೆ ಇದ್ದದ್ದು ಮಕ್ಕಳಿಗೆ ದಾಟಿದ ಅದೇ ಎಚ್‌ಎಲ್‌ಎ. ಆ ಒಂದು ಚೀಲದಿಂದಲೇ ಎಲ್ಲ ಆಯಿತು ಎಂದು ಹೇಳಲು ಬರುವುದಿಲ್ಲ. ಆದರೆ ಮುಂದೆ ಕಸಿ ಬೇಕಾಗಬಹುದು ಅನ್ನಿಸಿದ ರೋಗಿಗೆ ಹತ್ತಿರದ ಸಂಬಂಧಿಕರ ರಕ್ತ ಕೊಡಬಾರದು ಅನ್ನುವುದು ಈ ಕಾರಣಕ್ಕೇ.

ಪರೀಕ್ಷೆ ಮಾಡಿಸಿದೆವು. ಇದರಲ್ಲಿ ಪುಟ್ಟ ಮಣಿಗಳನ್ನು ಬಳಸುತ್ತಾರೆ. ಒಂದೊಂದು ಬಗೆಯ ಮಣಿಗೂ ಒಂದೊಂದೇ ಎಚ್‌ಎಲ್‌ಎ ಅಂಟಿಸಿರುತ್ತದೆ. ರೋಗಿಯ ಸೀರಮ್ ಹಾಕಿದಾಗ ಪ್ರತಿಕಾಯ ಯಾವ ಮಣಿಗೆ ಹಿಡಿಯಿತೋ ಆ ಮಣಿ ಹೊಳೆಯುತ್ತದೆ. ಆ ಹೊಳಪಿನ ಅಂಕಿಗೆ ಎಂಎಫ್‌ಐ ಎಂದು ಹೆಸರು. ದಾನಿಯ ಎಚ್‌ಎಲ್‌ಎ ವಿರುದ್ಧ 1,000 ದಾಟಿದರೆ ಸಾಮಾನ್ಯವಾಗಿ ಇದೆ ಅನ್ನುತ್ತೇವೆ. 5,000 ದಾಟಿದರೆ ಕಸಿ ಹಿಡಿಯದೇ ಹೋಗುವ ಅಪಾಯ ಗಂಭೀರ. ಮಗನಿಗೆ ತಂದೆಯಿಂದ ಬಂದ ಒಂದು ಎ ಗುರುತಿನ ವಿರುದ್ಧ 8,500 ಬಂತು. ಒಂದು ಡಿಆರ್ ಗುರುತಿನ ವಿರುದ್ಧ 6,000.

ಇದು ಯಾಕೆ ಇಷ್ಟು ಅಪಾಯ ಅಂದರೆ, ಸ್ಟೆಮ್ ಸೆಲ್‌ಗಳನ್ನು ಕೊಡುವುದು ರಕ್ತನಾಳದ ಮೂಲಕ. ಅವು ಮಜ್ಜೆಯಿಂದ ಹೊರಡುವ ರಾಸಾಯನಿಕ ಸಂಕೇತ ಹಿಡಿದು ದಾರಿ ಹುಡುಕಿಕೊಂಡು ಹೋಗಿ ನೆಲೆಸಬೇಕು. ಕಸಿಗೆ ಮೊದಲು ಕೊಡುವ ಔಷಧ ಮತ್ತು ವಿಕಿರಣ ರೋಗಿಯ ಟಿ ಕೋಶಗಳನ್ನೂ, ದಾಳಿ ಮಾಡುವ ಇನ್ನೊಂದು ಬಗೆಯ ಬಿಳಿ ಕಣಗಳಾದ ಎನ್‌ಕೆ ಕೋಶಗಳನ್ನೂ ಬಹುಮಟ್ಟಿಗೆ ತೆಗೆದುಹಾಕುತ್ತದೆ. ಆದರೆ ರಕ್ತದಲ್ಲಿ ಆಗಲೇ ತೇಲುತ್ತಿರುವ ಪ್ರತಿಕಾಯವನ್ನು ಅದು ಮುಟ್ಟುವುದೇ ಇಲ್ಲ. ಹೊಸ ಕೋಶಗಳು ಮಜ್ಜೆ ತಲುಪುವ ಮೊದಲೇ ಪ್ರತಿಕಾಯ ಅವಕ್ಕೆ ಅಂಟುತ್ತದೆ. ರಕ್ತದಲ್ಲೇ ಇರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನ್‌ಗಳು ಬಂದು ಕೋಶದ ಹೊದಿಕೆಯಲ್ಲಿ ತೂತು ಕೊರೆಯುತ್ತವೆ. ಆ ಹೊತ್ತಿಗೆ ರೋಗಿಯ ಹಳೆಯ ಮಜ್ಜೆಯೂ ಇರುವುದಿಲ್ಲ. ಹೊಸದೂ ಇಲ್ಲ, ಹಳೆಯದೂ ಇಲ್ಲ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಅದು ಸಾವಿನ ಅಂಚು.

ಮೊದಲ ಪ್ರಯತ್ನ: ಪ್ರತಿಕಾಯ ಇಳಿಸುವುದು

ತಂಡದಲ್ಲಿ ಎರಡು ಅಭಿಪ್ರಾಯ ಇತ್ತು. ಬೇರೆ ದಾನಿ ನೋಡೋಣ ಅನ್ನುವುದು ಒಂದು. ಪ್ರತಿಕಾಯ ಇಳಿಸಿ ಮಗನಿಂದಲೇ ಮಾಡೋಣ ಅನ್ನುವುದು ಇನ್ನೊಂದು. ಎರಡನೆಯದಕ್ಕೂ ಗಟ್ಟಿ ಕಾರಣ ಇತ್ತು. ಅಣ್ಣನಿಗೆ ಹೃದಯದ ಕಾಯಿಲೆ, ಸ್ಟೆಂಟ್ ಹಾಕಿತ್ತು. ಅರಿವಳಿಕೆ ಕೊಟ್ಟು ಮಜ್ಜೆ ತೆಗೆಯುವುದು ಅವರಿಗೆ ಸುರಕ್ಷಿತವಲ್ಲ. ಮಗಳಿಗೆ ತಂದೆಯ ಇನ್ನೊಂದು ಕಟ್ಟು ಬಂದಿತ್ತು. ಅದರ ವಿರುದ್ಧ 3,000ದ ಆಸುಪಾಸಿನ ಒಂದೇ ಪ್ರತಿಕಾಯ. ಲೆಕ್ಕದಲ್ಲಿ ಅವಳು ಮಗನಿಗಿಂತ ಉತ್ತಮ ದಾನಿ. ಆದರೆ 12 ವರ್ಷದ ಮಗು ಅಮ್ಮನಿಗಾಗಿ "ಬೇಡ" ಅನ್ನಲು ಸಾಧ್ಯವಾ? ಬೇರೆ ದಾರಿ ಇರುವ ತನಕ ಆ ಮಗುವಿನ ಮೇಲೆ ಭಾರ ಹಾಕಬಾರದು ಎಂದು ನಾವು ಒಮ್ಮತದಿಂದ ನಿರ್ಧರಿಸಿದೆವು. ಅದು ಈಗಲೂ ಸರಿ ಅನ್ನಿಸುತ್ತದೆ.

ಹಾಗಾಗಿ ಮಗನನ್ನೇ ಇಟ್ಟುಕೊಂಡು ಪ್ರತಿಕಾಯ ಇಳಿಸಲು ಹೊರಟೆವು. ಬಿ ಕೋಶಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಕೊಟ್ಟೆವು. ಆಮೇಲೆ ದಿನ ಬಿಟ್ಟು ದಿನ ಪ್ಲಾಸ್ಮಾ ಬದಲಾವಣೆ (ಪ್ರತಿಕಾಯ ಇರುವ ರಕ್ತದ ದ್ರವವನ್ನು ತೆಗೆದು ಬೇರೆ ದ್ರವ ತುಂಬುವುದು), ಪ್ರತಿ ಸಲದ ನಂತರ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು). ಮೂರು ಸಲ ಪ್ಲಾಸ್ಮಾ ಬದಲಿಸಿದ ಮೇಲೆ ಮತ್ತೆ ಅಳೆದೆವು. ಎ ಗುರುತಿನ ವಿರುದ್ಧದ ಅಂಕಿ 8,500 ಇದ್ದದ್ದು 13,000 ಆಗಿತ್ತು.

ಇಳಿಯಬೇಕಾದದ್ದು ಏರಿದೆ! ಮಾದರಿ ಅದಲುಬದಲಾಗಿದೆಯೇ ಎಂದು ನೋಡಿದೆವು, ಆಗಿರಲಿಲ್ಲ. ಉತ್ತರ ಕೊಟ್ಟವರು ಪ್ರಯೋಗಾಲಯದ ಹಿರಿಯ ತಂತ್ರಜ್ಞರು. "ಸೀರಮ್ ನೀರಾಗಿಸಿ ಮತ್ತೆ ಹಾಕಿ ನೋಡೋಣ" ಅಂದರು. ಪ್ರತಿಕಾಯ ತೀರಾ ಜಾಸ್ತಿ ಇದ್ದಾಗ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಮಣಿಯ ಮೇಲೆ ಪ್ರತಿಕಾಯ ದಟ್ಟವಾಗಿ ಕೂತಾಗ ಸೀರಮ್‌ನಲ್ಲಿರುವ ಕಾಂಪ್ಲಿಮೆಂಟ್ ಪ್ರೋಟೀನ್‌ಗಳೂ ಅಲ್ಲಿಗೆ ಬಂದು ಮುತ್ತಿಕೊಳ್ಳುತ್ತವೆ. ಹೊಳಪು ಕೊಡುವ ರಾಸಾಯನಿಕಕ್ಕೆ ಅಂಟಲು ಜಾಗ ಸಿಗುವುದಿಲ್ಲ. ಅಂಕಿ ಕಡಿಮೆ ತೋರಿಸುತ್ತದೆ. ಹಾಗಾಗಿ ಪ್ಲಾಸ್ಮಾ ಬದಲಿಸಿ ಪ್ರತಿಕಾಯ ಸ್ವಲ್ಪ ತೆಳುವಾದಾಗ ಅಂಕಿ ಏರಿದಂತೆ ಕಾಣುತ್ತದೆ.

ಚಿಕಿತ್ಸೆಗೆ ಮೊದಲು ತೆಗೆದಿಟ್ಟಿದ್ದ ಸೀರಮ್ ಅನ್ನು ಹದಿನಾರು ಪಟ್ಟು ತೆಳುವಾಗಿಸಿ ಪರೀಕ್ಷಿಸಿದರು. 20,000 ದಾಟಿತು. ಹದಿನಾರರಲ್ಲಿ ಒಂದು ಪಾಲಿಗೇ ಇಷ್ಟು! ಕಾಂಪ್ಲಿಮೆಂಟ್ ಅನ್ನು ಎಳೆದು ತರುವ ಶಕ್ತಿ ಇದೆಯೇ ಎಂದು ನೋಡುವ ಸಿ1ಕ್ಯು ಪರೀಕ್ಷೆಯೂ ಪಾಸಿಟಿವ್. ಮಗಳ ಗುರುತಿನ ವಿರುದ್ಧದ ಪ್ರತಿಕಾಯವನ್ನೂ ಹೀಗೇ ತೆಳುವಾಗಿಸಿ ನೋಡಿದರು. ಅದು ನೇರವಾಗಿ ಇಳಿಯಿತು, ಅಂದರೆ ಆ 3,000 ನಿಜವಾದದ್ದೇ.

ಎರಡನೇ ತಿರುವು ಇದು. ಮೊದಲ ಅಂಕಿಯನ್ನು ಹಾಗೇ ನಂಬಿದ್ದರೆ, ಇನ್ನೂ ನಾಲ್ಕೈದು ಸಲ ಪ್ಲಾಸ್ಮಾ ಬದಲಿಸಿ ಒಂದು ದಿನ "ಇಳಿಯಿತು" ಎಂದು ಕಸಿಗೆ ಹೊರಟುಬಿಡುವ ಸಾಧ್ಯತೆ ಇತ್ತು.

ಆದರೂ ನಾವು ಇನ್ನೂ ಎರಡು ವಾರ ಪ್ರಯತ್ನಿಸಿದೆವು, ಈ ಸಲ ತೆಳುವಾಗಿಸಿದ ಸೀರಮ್‌ನಲ್ಲೇ ಅಳೆಯುತ್ತ. ಪ್ರತಿ ಸಲ ಪ್ಲಾಸ್ಮಾ ಬದಲಿಸಿದಾಗ ಅಂಕಿ ಇಳಿಯುತ್ತಿತ್ತು. ಎರಡು ದಿನ ಬಿಟ್ಟರೆ ಏರುತ್ತಿತ್ತು. ಕಾರಣ ಎರಡು. ಇಂಥ ಪ್ರತಿಕಾಯದ ಅರ್ಧದಷ್ಟು ಪಾಲು ರಕ್ತನಾಳದ ಹೊರಗೆ ಅಂಗಾಂಶಗಳಲ್ಲಿ ಇರುತ್ತದೆ. ರಕ್ತದಲ್ಲಿ ತೆಗೆದಂತೆ ಅಲ್ಲಿಂದ ಬಂದು ತುಂಬುತ್ತದೆ. ಜೊತೆಗೆ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಮಜ್ಜೆಯಲ್ಲಿ ಭದ್ರವಾಗಿರುತ್ತವೆ. ರಿಟುಕ್ಸಿಮ್ಯಾಬ್ ಗುರಿಯಿಡುವ ಸಿಡಿ20 ಎಂಬ ಪ್ರೋಟೀನ್ ಅವುಗಳ ಮೇಲೆ ಇರುವುದೇ ಇಲ್ಲ. ಬೇರು ಬಿಟ್ಟು ಎಲೆ ಕಿತ್ತ ಹಾಗೆ ಆಗುತ್ತಿತ್ತು.

ಪ್ಲಾಸ್ಮಾ ಕೋಶಗಳನ್ನೇ ಹೊಡೆಯುವ ಬೋರ್ಟೆಜೊಮಿಬ್ ಬಗ್ಗೆ ಚರ್ಚೆ ಆಯಿತು. ಆದರೆ ಅದು ಪ್ಲೇಟ್‌ಲೆಟ್ ಇಳಿಸುತ್ತದೆ. ಇವರಿಗೆ ಇಳಿಸಲು ಪ್ಲೇಟ್‌ಲೆಟ್ ಉಳಿದೇ ಇರಲಿಲ್ಲ, ಕೊಟ್ಟರೆ ನಿಲ್ಲುತ್ತಲೂ ಇರಲಿಲ್ಲ. ದಾನಿಯ ಪ್ಲೇಟ್‌ಲೆಟ್‌ಗಳನ್ನೇ ಕೊಟ್ಟು ಪ್ರತಿಕಾಯವನ್ನು ಹೀರಿಸುವ ಉಪಾಯವೂ ಇದೆ. ಅದು ಒಂದನೇ ದರ್ಜೆಯ ಎಚ್‌ಎಲ್‌ಎಗೆ ಮಾತ್ರ ಕೆಲಸ ಮಾಡುತ್ತದೆ. ಡಿಆರ್ ಎರಡನೇ ದರ್ಜೆಯದು, ಪ್ಲೇಟ್‌ಲೆಟ್ ಮೇಲೆ ಅದು ಇರುವುದಿಲ್ಲ. ಇದೇ ಸಮಯದಲ್ಲಿ ರಕ್ತನಾಳಕ್ಕೆ ಹಾಕಿದ ಕೊಳವೆಯ (ಕ್ಯಾತಿಟರ್) ಮೂಲಕ ರಕ್ತಕ್ಕೆ ಸೋಂಕು ತಗುಲಿತು. ಮೂರನೇ ವಾರದ ಸಭೆಯಲ್ಲಿ ಮಗನನ್ನು ದಾನಿಯಾಗಿ ಕೈಬಿಟ್ಟೆವು.

ಮಗನಿಗೆ ಹೇಳಿದ್ದು

ಪ್ರಕರಣದ ವರದಿಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಬರೆಯಬೇಕು ಅನ್ನಿಸುತ್ತದೆ. ಮಗ ಕೇಳಿದ: "ಅಂದ್ರೆ ನನ್ನ ಕೋಶ ಅಮ್ಮನಿಗೆ ಶತ್ರುನಾ?" ತಾಯಿ ಅದಕ್ಕಿಂತ ಕಷ್ಟದ ಮಾತು ಹೇಳಿದರು. ಮಗನ ಕೋಶಗಳನ್ನು ಕೊಲ್ಲುವಂಥದ್ದು ತಮ್ಮ ಮೈಯಲ್ಲಿದೆ ಅನ್ನುವುದನ್ನು ಅವರಿಗೆ ತಡೆದುಕೊಳ್ಳಲು ಆಗಲಿಲ್ಲ.

ನಾವು ವಿವರವಾಗಿ ಕೂತು ಹೇಳಿದೆವು. ಇದು ಗರ್ಭ ಧರಿಸಿದ ಯಾವ ಆರೋಗ್ಯವಂತ ತಾಯಿಯಲ್ಲೂ ಆಗಬಹುದಾದದ್ದು. ಮಗು ಬೆಳೆಯುವಾಗ ಅದೇ ದೇಹ ಅವನನ್ನು ಒಂಬತ್ತು ತಿಂಗಳು ಕಾಪಾಡಿತು. ಮಾಸಿನ ಹೊರಪದರದ ಕೋಶಗಳು ಎಚ್‌ಎಲ್‌ಎ ಎ ಮತ್ತು ಬಿ ಗುರುತುಗಳನ್ನು ತೋರಿಸುವುದೇ ಇಲ್ಲ. ಬದಲಿಗೆ ಎಚ್‌ಎಲ್‌ಎ ಜಿ ಎಂಬ, ಎನ್‌ಕೆ ಕೋಶಗಳನ್ನು ಶಾಂತಗೊಳಿಸುವ ಗುರುತನ್ನು ತೋರಿಸುತ್ತವೆ. ದಾಳಿಯನ್ನು ತಡೆಯುವ ನಿಯಂತ್ರಕ ಟಿ ಕೋಶಗಳೂ ಅಲ್ಲಿ ಬಂದು ಸೇರುತ್ತವೆ. ಆ ರಕ್ಷಣೆ ಇದ್ದದ್ದು ಗರ್ಭಕೋಶದಲ್ಲಿ. ರಕ್ತನಾಳದಲ್ಲಿ ಅದು ಇಲ್ಲ, ಅಷ್ಟೇ ವ್ಯತ್ಯಾಸ. ಈ ಮಾತಿನ ನಂತರ ತಾಯಿಯ ಮನಸ್ಸು ಸ್ವಲ್ಪ ಹಗುರಾದದ್ದನ್ನು ನಾನೇ ನೋಡಿದೆ. ಮಗ ತನ್ನಿಂದ ಆಗುವ ಬೇರೆ ಕೆಲಸಗಳನ್ನು ವಹಿಸಿಕೊಂಡ, ಕೊನೆಯವರೆಗೂ ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಉಳಿದವನು ಅವನೇ.

ಹೊಸ ದಾನಿ

ಅಣ್ಣ ದಾನಿಯಾಗಲು ಆಗಲಿಲ್ಲ ನಿಜ. ಆದರೆ ತಂಗಿಯ ಜೊತೆ ಹಂಚಿಕೊಂಡ ಎಚ್‌ಎಲ್‌ಎ ಕಟ್ಟು ಅವರಲ್ಲಿ ಇತ್ತು. ಅವರ ಪ್ರತಿಯೊಂದು ಮಗುವಿಗೂ ಆ ಕಟ್ಟು ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದ್ದರೆ ಆ ಮಗುವಿನ ಇನ್ನೊಂದು ಕಟ್ಟು ಅತ್ತಿಗೆಯದು. ನಮ್ಮ ರೋಗಿಯ ಗರ್ಭಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದಾನಿ ಅಂದರೆ ಒಡಹುಟ್ಟಿದವರು, ತಂದೆತಾಯಿ, ಮಕ್ಕಳು ಎಂದಷ್ಟೇ ಯೋಚಿಸುವ ಅಭ್ಯಾಸ ನಮಗೆಲ್ಲ ಇದೆ. ಅರ್ಧ ಹೊಂದಿಕೆ ಸಾಕು ಅಂದಾದ ಮೇಲೆ ಆ ವೃತ್ತ ದೊಡ್ಡದಾಗುತ್ತದೆ, ಅಲ್ವಾ?

ಅಣ್ಣನ ಇಬ್ಬರು ಮಕ್ಕಳನ್ನು ಪರೀಕ್ಷಿಸಿದೆವು. ದೊಡ್ಡವನಿಗೆ, 26 ವರ್ಷದ ಯುವಕ, ಆ ಕಟ್ಟು ಬಂದಿತ್ತು. ಅತ್ತೆಯ ಸೀರಮ್‌ನಲ್ಲಿ ಅವನ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯ ಇದೆಯೇ ಎಂದು ತೆಳುವಾಗಿಸಿಯೂ, ಹಾಗೆಯೂ ನೋಡಿದೆವು. ಇರಲಿಲ್ಲ. ಅವನ ಜೀವಂತ ಕೋಶಗಳ ಜೊತೆ ಸೀರಮ್ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಕೂಡ ನೆಗೆಟಿವ್. ಅವನ ಜೊತೆ ಮಾತಾಡಿದ್ದು ನಮ್ಮ ತಂಡಕ್ಕೆ ಸೇರದ ಬೇರೆ ವೈದ್ಯರು. ಬೇಡ ಅನ್ನಬೇಕೆನಿಸಿದರೆ ಮನೆಯವರ ಮುಂದೆ ಹೇಳದೇ ಅವರ ಬಳಿಯೇ ಹೇಳಬಹುದಿತ್ತು. ಅವನು ಒಪ್ಪಿದ.

ಕಸಿ ಮತ್ತು ಮೊದಲ ವಾರ

ತಯಾರಿಗೆ ಮೊಲದ ಎಟಿಜಿ, ಫ್ಲುಡರಾಬಿನ್, ಸೈಕ್ಲೋಫಾಸ್ಫಮೈಡ್, ಕಡಿಮೆ ಪ್ರಮಾಣದ ವಿಕಿರಣ. ದಾನಿಯಿಂದ ತೆಗೆದದ್ದು ಸೊಂಟದ ಮೂಳೆಯ ಮಜ್ಜೆ. ರಕ್ತದಿಂದ ಸಂಗ್ರಹಿಸುವುದು ದಾನಿಗೆ ಸುಲಭ, ಆದರೆ ಅದರಲ್ಲಿ ಟಿ ಕೋಶಗಳು ಬಹಳ ಜಾಸ್ತಿ. ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುವ ಜಿವಿಎಚ್‌ಡಿ ಆಗ ಹೆಚ್ಚುತ್ತದೆ. ರಕ್ತದ ಕ್ಯಾನ್ಸರ್‌ನಲ್ಲಿ ಆ ದಾಳಿಯಿಂದ ಒಂದಿಷ್ಟು ಲಾಭವೂ ಉಂಟು, ಉಳಿದ ಕ್ಯಾನ್ಸರ್ ಕೋಶಗಳೂ ಸಾಯುತ್ತವೆ. ಇವರಿಗೆ ಕ್ಯಾನ್ಸರ್ ಇಲ್ಲ. ಹಾಗಾಗಿ ಜಿವಿಎಚ್‌ಡಿಯಿಂದ ಬರೀ ನಷ್ಟ.

ಕಸಿಯಾದ ಎರಡನೇ ದಿನ ಸಂಜೆ ಜ್ವರ 39.6 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಅರ್ಧ ಹೊಂದಿಕೆಯ ಕಸಿಯಲ್ಲಿ ಇದು ಅಪರೂಪವಲ್ಲ. ಎದುರು ಬದುರಾದ ಟಿ ಕೋಶಗಳು ಕೆರಳಿ ಭರದಿಂದ ವಿಭಜನೆ ಶುರುಮಾಡುತ್ತವೆ, ಉರಿಯೂತ ಎಬ್ಬಿಸುವ ಸೈಟೊಕೈನ್ ಎಂಬ ಸಂಕೇತ ಪ್ರೋಟೀನ್‌ಗಳು ರಕ್ತಕ್ಕೆ ಸುರಿಯುತ್ತವೆ. ಸೋಂಕನ್ನೂ ತಳ್ಳಿಹಾಕಲು ಆಗುವುದಿಲ್ಲ. ಆಂಟಿಬಯಾಟಿಕ್ ಶುರುಮಾಡಿದೆವು. ರಾತ್ರಿ ಪಾಳಿಯಲ್ಲಿ ಒಂದು ಡೋಸ್ ಸ್ಟೆರಾಯ್ಡ್ ಕೊಡೋಣವೇ ಎಂಬ ಪ್ರಶ್ನೆ ಬಂತು. ಕೊಡಲಿಲ್ಲ. ಸೈಕ್ಲೋಫಾಸ್ಫಮೈಡ್ ಕೊಲ್ಲುವುದು ವಿಭಜನೆ ಆಗುತ್ತಿರುವ ಟಿ ಕೋಶಗಳನ್ನು. ಅಂದರೆ ಪರಸ್ಪರರನ್ನು ಹೊರಗಿನವರೆಂದು ಗುರುತಿಸಿ ಎದ್ದ ಕೋಶಗಳನ್ನೇ. ಸ್ಟೆರಾಯ್ಡ್ ಕೊಟ್ಟು ಅವನ್ನು ಮಲಗಿಸಿಬಿಟ್ಟರೆ ಔಷಧದಿಂದ ತಪ್ಪಿಸಿಕೊಳ್ಳುತ್ತವೆ, ಆಮೇಲೆ ಏಳುತ್ತವೆ. ಸ್ಟೆಮ್ ಸೆಲ್‌ಗಳಿಗೆ ಈ ಔಷಧ ಹೆಚ್ಚು ಹಾನಿ ಮಾಡುವುದಿಲ್ಲ, ಅದನ್ನು ಒಡೆದುಹಾಕುವ ಅಲ್ಡಿಹೈಡ್ ಡಿಹೈಡ್ರೊಜಿನೇಸ್ ಎಂಬ ಕಿಣ್ವ ಅವುಗಳಲ್ಲಿ ಧಾರಾಳವಾಗಿದೆ. ಆ ರಾತ್ರಿ ಪ್ಯಾರಾಸಿಟಮಾಲ್ ಮತ್ತು ಒದ್ದೆ ಬಟ್ಟೆಯಲ್ಲೇ ಕಳೆಯಿತು. ರಕ್ತದೊತ್ತಡ ಬೀಳದಂತೆ ಕಾದೆವು. 3 ಮತ್ತು 4ನೇ ದಿನ ಔಷಧ ಹೋಯಿತು. ಐದನೇ ದಿನ ಜ್ವರ ಇಳಿಯಿತು. ಅಂದೇ ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಟ್ಯಾಕ್ರೊಲಿಮಸ್ ಮತ್ತು ಮೈಕೊಫಿನೊಲೇಟ್ ಶುರುವಾಯಿತು.

18ನೇ ದಿನ ನ್ಯೂಟ್ರೋಫಿಲ್ 500 ದಾಟಿತು. ಹೊರಗಿನ ಪ್ಲೇಟ್‌ಲೆಟ್ ಆಗಲೂ ನಿಲ್ಲುತ್ತಿರಲಿಲ್ಲ, ಯಾಕೆಂದರೆ ರೋಗಿಯ ಹಳೆಯ ಪ್ಲಾಸ್ಮಾ ಕೋಶಗಳು ಔಷಧಕ್ಕೂ ವಿಕಿರಣಕ್ಕೂ ಬಗ್ಗದೆ ಉಳಿದಿದ್ದವು. ಆದರೆ ಹೊಸ ಮಜ್ಜೆಯೇ ತಯಾರಿಸಿದ ಪ್ಲೇಟ್‌ಲೆಟ್ ನಿಂತಿತು. ಅದರ ಮೇಲೆ ಇದ್ದದ್ದು ದಾನಿಯ ಗುರುತು, ಅದರ ವಿರುದ್ಧ ಪ್ರತಿಕಾಯ ಇರಲಿಲ್ಲ. ದಾನಿಯ ಆಯ್ಕೆ ಸರಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ.

ಎರಡನೇ ತಿಂಗಳ ಗೊಂದಲ

ಕಸಿಯ ನಂತರ ರಕ್ತದಲ್ಲಿ ಎಷ್ಟು ಪಾಲು ದಾನಿಯದು, ಎಷ್ಟು ರೋಗಿಯದು ಎಂದು ಡಿಎನ್‌ಎಯಿಂದ ಅಳೆಯುತ್ತೇವೆ. ಇದು ಕೈಮೆರಿಸಂ ಪರೀಕ್ಷೆ. 30ನೇ ದಿನ ಟಿ ಕೋಶಗಳಲ್ಲಿ ದಾನಿಯ ಪಾಲು ಶೇ 91 ಇತ್ತು. 60ನೇ ದಿನ ಶೇ 78ಕ್ಕೆ ಇಳಿಯಿತು. ಉಳಿದ ಬಿಳಿ ಕಣಗಳಲ್ಲಿ ಶೇ 100 ದಾನಿಯದೇ. ಇದೇ ವೇಳೆ ದೇಹದಲ್ಲಿ ಅಡಗಿದ್ದು ರೋಗನಿರೋಧಕ ಶಕ್ತಿ ಕುಗ್ಗಿದಾಗ ಏಳುವ ಸಿಎಂವಿ ವೈರಸ್ ತಲೆ ಎತ್ತಿತು. ಇದಕ್ಕೆ ಸಾಮಾನ್ಯವಾಗಿ ಕೊಡುವ ಗ್ಯಾನ್ಸಿಕ್ಲೊವಿರ್ ಕೌಂಟ್ ಇಳಿಸುತ್ತದೆ ಎಂದು ಕಿಡ್ನಿಯ ಮೇಲೆ ಕಣ್ಣಿಟ್ಟು ಫೊಸ್ಕಾರ್ನೆಟ್ ಕೊಟ್ಟೆವು.

ಇಳಿಯುತ್ತಿರುವ ಆ ಅಂಕಿ ನೋಡಿದರೆ ಎಂಥವರಿಗೂ ಕೈ ಹಾಕಬೇಕು ಅನ್ನಿಸುತ್ತದೆ. ರಕ್ತದ ಕ್ಯಾನ್ಸರ್ ರೋಗಿಯಾಗಿದ್ದರೆ ಟ್ಯಾಕ್ರೊಲಿಮಸ್ ಇಳಿಸಿ ದಾನಿಯ ಟಿ ಕೋಶಗಳಿಗೆ ಬಲ ಕೊಡುವ ಯೋಚನೆ ಸಹಜ. ದಾನಿಯ ಲಿಂಫೊಸೈಟ್‌ಗಳನ್ನು (ಟಿ ಕೋಶಗಳಿರುವ ಬಿಳಿ ಕಣಗಳು) ಇನ್ನಷ್ಟು ಕೊಡುವುದೂ ಒಂದು ದಾರಿ. ಇಲ್ಲಿ ಎರಡೂ ತಪ್ಪಾಗುತ್ತಿತ್ತು. ಟ್ಯಾಕ್ರೊಲಿಮಸ್ ಇಳಿಸಿದರೆ ಉಳಿದಿರುವ ಶೇ 22 ರೋಗಿಯ ಟಿ ಕೋಶಗಳಿಗೂ ಬಲ ಬರುತ್ತದೆ. ಅವು ಈಗಾಗಲೇ ಒಂದು ಸಲ ಸ್ಟೆಮ್ ಸೆಲ್‌ಗಳನ್ನು ಮುಗಿಸಿದ ವ್ಯವಸ್ಥೆಯ ಉಳಿಕೆ. ಲಿಂಫೊಸೈಟ್ ಕೊಟ್ಟರೆ ಅರ್ಧ ಹೊಂದಿಕೆಯಲ್ಲಿ ಜಿವಿಎಚ್‌ಡಿ ಜೋರಾಗಬಹುದು. ಕೌಂಟ್‌ಗಳು ಚೆನ್ನಾಗಿದ್ದವು. ಆದ್ದರಿಂದ ಟ್ಯಾಕ್ರೊಲಿಮಸ್ ಮಟ್ಟವನ್ನು ಗುರಿಯ ಮೇಲಂಚಿಗೆ ಏರಿಸಿದೆವು. ಎರಡು ವಾರಕ್ಕೊಮ್ಮೆ ಅಳೆದೆವು. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ರಕ್ತ ಚೆನ್ನಾಗಿ ತಯಾರಾಗುತ್ತಿದ್ದರೆ ಎರಡೂ ಟಿ ಕೋಶಗಳು ಸ್ಥಿರವಾಗಿ ಜೊತೆಗಿದ್ದರೂ ತೊಂದರೆ ಇಲ್ಲ.

100ನೇ ದಿನ ಶೇ 86, ಆರನೇ ತಿಂಗಳಲ್ಲಿ ಶೇ 97. ನಡುವೆ ತೋಳು ಮತ್ತು ಎದೆಯ ಮೇಲೆ ಕೆಂಪು ದದ್ದು ಬಂತು. ಸಣ್ಣ ಪ್ರಮಾಣದ ಜಿವಿಎಚ್‌ಡಿ, ಹಚ್ಚುವ ಮುಲಾಮಿನಲ್ಲೇ ಹೋಯಿತು. ಒಂದು ವರ್ಷ ಆದ ಮೇಲೆ ಟ್ಯಾಕ್ರೊಲಿಮಸ್ ಅನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿ ನಿಲ್ಲಿಸಿದೆವು. ಈಗ ಅವರಿಗೆ ರಕ್ತದ ಚೀಲ ಬೇಕಿಲ್ಲ. ಹಳೆಯ ರಕ್ಷಣೆ ಅಳಿಸಿಹೋಗಿರುವುದರಿಂದ ಬಾಲ್ಯದ ಲಸಿಕೆಗಳನ್ನು ಹೊಸದಾಗಿ ಹಾಕಿಸಿಕೊಳ್ಳುತ್ತಿದ್ದಾರೆ. ಮಗನ ಗುರುತಿನ ವಿರುದ್ಧದ ಪ್ರತಿಕಾಯ ಕೂಡ ಇಳಿಯುತ್ತಿದೆ, ಪೂರ್ತಿ ಹೋಗಿಲ್ಲ.

ನಮ್ಮಲ್ಲಿ ಬದಲಾದದ್ದು

ದಾನಿ ಯಾರು ಎಂದು ಮನೆಯವರ ಮನಸ್ಸು ಗಟ್ಟಿಯಾಗುವ ಮೊದಲೇ ಈಗ ಪ್ರತಿಕಾಯದ ಪರೀಕ್ಷೆ ಮಾಡುತ್ತೇವೆ. ಗರ್ಭ ಧರಿಸಿದ ಇತಿಹಾಸವನ್ನು, ನಿಲ್ಲದೇ ಹೋದ ಗರ್ಭವನ್ನೂ ಸೇರಿಸಿ, ನಾವೇ ಕೇಳುತ್ತೇವೆ. ಅಪ್ಲಾಸ್ಟಿಕ್ ಅನೀಮಿಯಾ ಎಂದು ಗೊತ್ತಾದ ದಿನವೇ ಸಂಬಂಧಿಕರ ರಕ್ತ ಬೇಡ ಎಂದು ಬರೆದುಕೊಡುತ್ತೇವೆ. ಬಿಳಿ ಕಣ ಸೋಸಿದ, ವಿಕಿರಣ ಕೊಟ್ಟ ಚೀಲಗಳನ್ನೇ ಕೇಳುತ್ತೇವೆ. ಅಂಕಿ ಮಧ್ಯಮ ಅಂತ ಬಂದರೆ ತೆಳುವಾಗಿಸಿದ ಸೀರಮ್‌ನ ಅಂಕಿಯನ್ನೂ ಕೇಳುತ್ತೇವೆ. ತಾಯಿಗೆ ಮಕ್ಕಳಿಂದ ಕಸಿ ಅನ್ನುವಾಗ ಮಾತ್ರ ಮೊದಲು ಅನುಮಾನದಿಂದಲೇ ಶುರುಮಾಡುತ್ತೇವೆ. ತಂದೆಗೆ ಮಕ್ಕಳಿಂದ ಅನ್ನುವಾಗ ಗರ್ಭದ ಈ ಸಮಸ್ಯೆ ಇಲ್ಲ, ರಕ್ತ ಪಡೆದದ್ದರಿಂದ ಬಂದ ಪ್ರತಿಕಾಯ ಮಾತ್ರ ನೋಡಬೇಕು.

ಈ ಪ್ರಕರಣವನ್ನು ಎಲ್ಲದಕ್ಕೂ ಹಾಗೇ ಅನ್ವಯಿಸಬಾರದು. ನಮಗೆ ಸಮಯ ಇತ್ತು. ಸೋಂಕನ್ನು ತಡೆದುಕೊಂಡು ಕೆಲವು ವಾರ ಕಾಯಲು ಸಾಧ್ಯವಾಯಿತು. ತೀವ್ರ ರಕ್ತದ ಕ್ಯಾನ್ಸರ್ ಆಗಿದ್ದು, ಹತೋಟಿಗೆ ಬಂದ ಕಾಯಿಲೆ ಮತ್ತೆ ಕೆರಳುವ ಭಯ ಇದ್ದಿದ್ದರೆ ಅಷ್ಟು ದಿನ ಸಿಗುತ್ತಿರಲಿಲ್ಲ. ಆಗ ಮಗಳ ಆ 3,000ದ ಪ್ರತಿಕಾಯವನ್ನು ಇಳಿಸಿ ಅವಳಿಂದಲೇ ಕಸಿ ಮಾಡುವ ಪ್ರಶ್ನೆ ನಮ್ಮ ಮುಂದೆ ಬರುತ್ತಿತ್ತು. ವೈದ್ಯಕೀಯವಾಗಿ ಅದು ಸಾಧ್ಯವಿದ್ದ ದಾರಿ. 12 ವರ್ಷದ ಆ ಮಗುವನ್ನು ಕೇಳುವುದು ಹೇಗೆ ಎಂಬ ಚರ್ಚೆಯನ್ನು ನಮ್ಮ ತಂಡ ಈಗ ನೀತಿ ಸಮಿತಿಯ ಜೊತೆ ಮುಂದುವರಿಸುತ್ತಿದೆ.